ಕೂಗದೆ ಬಂದ ದುಂಡವ್ವ

ಮಕ್ಕಳೇ, ಕಡು ಬೇಸಿಗೆಯ ಕಾಡನ್ನು ನೀವು ನೋಡಿದ್ದೀರೋ ಇಲ್ಲವೋ. ಎಲೆಯೆಲ್ಲ ಉದುರಿ, ಹಳ್ಳಗಳೆಲ್ಲ ಒಣಗಿ, ನೆಲ ಬಿರುಕು ಬಿಟ್ಟು ಕೂತಿರುತ್ತದೆ. ಅಂಥ ಒಂದು ಕುರುಚಲು ಕಾಡಿನ ನಡುವೆ ಕೆಂಪುಹೊಂಡ ಅಂತ ಒಂದೇ ಒಂದು ನೀರಿನ ಹೊಂಡ ಇತ್ತು. ಅದರ ಒಂದು ಮಗ್ಗುಲಿಗೆ ಆಳೆತ್ತರದ ಜೊಂಡು ಹುಲ್ಲು. ಇನ್ನೊಂದು ಮಗ್ಗುಲಿಗೆ ಇಳಿಜಾರಿನ ಕಾಲುದಾರಿ. ಆ ದಾರಿ ಹೊಂಡದ ಕಡೆಗೆ ತಿರುಗುವ ಜಾಗದಲ್ಲಿ ಒಂದು ಹುಣಸೆ ಮರ. ಜಿಂಕೆ, ಕಾಡುಹಂದಿ, ಕಾಡುಕೋಳಿ, ಮೊಲ, ಯಾರೇ ಆಗಲಿ, ಸಂಜೆಯಾಯಿತೆಂದರೆ ನೀರಿಗೆ ಅಲ್ಲಿಗೇ ಬರಬೇಕಿತ್ತು.

ಇದು ಚಿರತೆಗೂ ಗೊತ್ತಿತ್ತು.

ಆದ್ದರಿಂದ ಹೊಂಡದವರು ತಮ್ಮತಮ್ಮಲ್ಲೇ ಒಂದು ಪದ್ಧತಿ ಮಾಡಿಕೊಂಡಿದ್ದರು. ನೀರಿಗೆ ಬರುವವರು ಹುಣಸೆ ಮರದ ಹತ್ತಿರ ನಿಂತು, ತಮ್ಮ ಹೆಸರು ಹೇಳಿ ಕೂಗಬೇಕು. ಕೆಳಗಿದ್ದವರಲ್ಲಿ ಒಬ್ಬರು ಓಗೊಡಬೇಕು. ಆಮೇಲೆ ಇಳಿಯಬೇಕು. ಕೂಗಿಲ್ಲದೆ ಬರೀ ಸದ್ದು ಕೇಳಿಸಿತೋ, ಅದು ಚಿರತೆಯೇ ಸರಿ. ಕುಡಿಯುತ್ತಿದ್ದ ನೀರನ್ನು ಅಲ್ಲೇ ಬಿಟ್ಟು, ಬಿದ್ದಂಬೀಳ ಓಡಬೇಕು. ಈ ಪದ್ಧತಿಯಿಂದಾಗಿ ಆ ಬೇಸಿಗೆಯಲ್ಲಿ ಚಿರತೆಗೆ ಕೆಂಪುಹೊಂಡದಲ್ಲಿ ಒಂದು ಮೊಲವೂ ಸಿಕ್ಕಿರಲಿಲ್ಲ.

ಹೆಸರು ಹೇಳಿ ಕೂಗುವುದು ಅದೇನು ಮಹಾ ಕೆಲಸ ಅನ್ನುತ್ತೀರಾ? ನಿಮಗೆ ಸುಲಭ ಇರಬಹುದು. ದುಂಡವ್ವನನ್ನು ಕೇಳಿ ನೋಡಿ.

ದುಂಡವ್ವ ಒಂದು ಚಿಪ್ಪುಹಂದಿ. ಮೈತುಂಬ ಹಂಚು ಹೊದಿಸಿದ ಹಾಗೆ ಚಿಪ್ಪು, ನೀಳ ಮೂತಿ, ಬಾಲದ ಮೇಲೆ ಅಂಟಿಕೊಂಡ ಒಂದು ಪುಟ್ಟ ಮರಿ. ಗುಡ್ಡದ ಆಚೆ, ಒಂದು ಸಣ್ಣ ಝರಿಯ ಪಕ್ಕ ಅವಳ ಬಿಲ. ಅಲ್ಲಿ ನೆರೆಯಿಲ್ಲ ಹೊರೆಯಿಲ್ಲ. ಯಾರೂ ಅವಳನ್ನು ಮಾತಾಡಿಸುತ್ತಿರಲಿಲ್ಲ, ಅವಳೂ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಗೆದ್ದಲು ತಿಂದುಕೊಂಡು ಹಾಯಾಗಿದ್ದಳು. ಆ ವರ್ಷ ಝರಿ ಬತ್ತಿಹೋಯಿತು. ಎರಡೇ ದಿನಕ್ಕೆ ಅವಳ ಎದೆಹಾಲೂ ಕಡಿಮೆಯಾಗಿ, ಮರಿ ಹಗಲೆಲ್ಲ ಕುಂಯ್‌ಗುಟ್ಟತೊಡಗಿತು. ಇನ್ನು ನೀರು ಹುಡುಕದಿದ್ದರೆ ಮರಿ ಉಳಿಯುವುದಿಲ್ಲ ಅಂತ ದುಂಡವ್ವ ಗುಡ್ಡ ಹತ್ತಿ ಇಳಿದು ಈಚೆಗೆ ಬಂದಳು.

ಮೊದಲು ಎದುರಾದವಳು ಕಾಡುಕೋಳಿ ಜಾಜಕ್ಕ. ಇವಳ ಬಾಯಿ ಮುಚ್ಚಿದ್ದನ್ನು ಕಂಡವರು ಯಾರೂ ಇರಲಿಲ್ಲ.

"ಹೊಸಬಳೇನವ್ವ? ನೀರಿಗಾ? ಅಯ್ಯೋ, ಮರಿ ಎಷ್ಟು ಬಾಡಿದೆ! ನೋಡು, ಆ ಹುಣಸೆ ಮರದ ಹತ್ತಿರ ನಿಂತು ಹೆಸರು ಹೇಳಿ ಕೂಗು. ಬಾ ಅಂತಾರೆ. ಇಳಿದು ಬಾ. ಅಷ್ಟೇ!"

"ಅಷ್ಟೇನಾ?" ಅಂದಳು ದುಂಡವ್ವ.

ಸಂಜೆಯವರೆಗೂ ಅವಳು ಒಂದು ಪೊದೆಯ ಹಿಂದೆ ಕೂತು ಅಭ್ಯಾಸ ಮಾಡಿದಳು. "ನಾನು ದುಂಡವ್ವ, ಬರ್ತಾ ಇದೀನಿ." ಛೆ, ಇದು ದರ್ಪದ ಮಾತಾಯಿತು. ಹೊಸದಾಗಿ ಬಂದವಳು ಹೀಗೆ ಹೇಳಬಹುದೆ? "ನಾನು ದುಂಡವ್ವ, ಬರಲಾ?" ಇದು ಭಿಕ್ಷೆ ಕೇಳಿದ ಹಾಗಾಯಿತು. "ನಾನು, ಅಂದರೆ, ಗುಡ್ಡದ ಆಚೆಯ ದುಂಡವ್ವ..." ಅಷ್ಟು ಉದ್ದ ಕೂಗಿದರೆ ಬೇಸರ ಮಾಡಿಕೊಂಡಾರು. ಮರಿ ಬಾಲದ ಮೇಲಿಂದ ಅಮ್ಮನ ಮುಖ ನೋಡುತ್ತಿತ್ತು. ಅದಕ್ಕೆ ಬೇಕಾಗಿದ್ದದ್ದು ಹಾಲು, ಅಷ್ಟೆ.

ಹೊತ್ತು ಇಳಿಯಿತು. ದುಂಡವ್ವ ಹುಣಸೆ ಮರದ ಹತ್ತಿರ ಬಂದು ನಿಂತಳು. ಕೆಳಗೆ ಎಲ್ಲರೂ ಮಾತಾಡುತ್ತಿದ್ದರು. ನಡುವೆ ಬಾಯಿ ಹಾಕುವುದು ಹೇಗೆ? ಮಾತು ನಿಲ್ಲಲಿ ಅಂತ ಕಾದಳು. ಮಾತು ನಿಂತಿತು. ಈಗ ಎಲ್ಲರೂ ಸುಮ್ಮನಿದ್ದಾರೆ, ಕೂಗಿದರೆ ಎಲ್ಲರೂ ನನ್ನನ್ನೇ ನೋಡುತ್ತಾರಲ್ಲ! ಮತ್ತೆ ಮಾತು ಶುರುವಾಗಲಿ ಅಂತ ಕಾದಳು. ಹೀಗೆ ಕಾಯುತ್ತ ಕಾಯುತ್ತ ನಾಲಿಗೆ ಒಣಗಿ ಕೊರಡಾಯಿತು. ಕೊನೆಗೆ ಕಣ್ಣು ಮುಚ್ಚಿಕೊಂಡು ಕೂಗಿಯೇಬಿಟ್ಟಳು. ಆದರೆ ಅಷ್ಟು ಕಷ್ಟಪಟ್ಟು ಜೋಡಿಸಿಟ್ಟ ಮಾತು ತಲೆಕೆಳಗಾಗಿ ಹೊರಬಂತು.

"ಬರ್ತಾ ಇದೀನಿ ದುಂಡವ್ವಾ!"

ಕೆಳಗೆ ಕಾಡುಹಂದಿ ಕರಿಯಣ್ಣ ನೀರಿನಿಂದ ತಲೆ ಎತ್ತಿ ಸುತ್ತ ನೋಡಿದ. "ಯಾವ ದುಂಡವ್ವನಪ್ಪ? ಇಲ್ಲಿ ದುಂಡವ್ವ ಅನ್ನೋರು ಯಾರೂ ಇಲ್ಲವಲ್ಲ!"

ಜಿಂಕೆ ಹೊನ್ನವ್ವನ ಮರಿ ಕಿಸಕ್ಕನೆ ನಕ್ಕಿತು. ಅದು ನಕ್ಕದ್ದಕ್ಕೆ ಮೊಲ ನಕ್ಕಿತು. ಆಮೇಲೆ ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ, ನಿಮ್ಮ ಮನೆಯಲ್ಲಿ ಯಾರಾದರೂ ಮಾತು ತಪ್ಪಿದರೆ ನಗುವುದಿಲ್ಲವೆ, ಹಾಗೆ. ಆದರೆ ದುಂಡವ್ವನ ಜೀವ ಹಿಡಿಯಷ್ಟಾಯಿತು. ಚಿಪ್ಪುಹಂದಿಗಳಿಗೆ ಹೆದರಿಕೆಯಾದರೂ ಅಷ್ಟೆ, ನಾಚಿಕೆಯಾದರೂ ಅಷ್ಟೆ, ಮೈ ತಾನಾಗಿಯೇ ಮುದುರಿಕೊಳ್ಳುತ್ತದೆ. ಅವಳು ಮರಿಯನ್ನು ಹೊಟ್ಟೆಗೆ ಅವಚಿಕೊಂಡು ಚೆಂಡಾದಳು. ಅದೋ ಇಳಿಜಾರು! ಗುಡುಗುಡು ಉರುಳಿಕೊಂಡು ಬಂದು, ಎಲ್ಲರೂ ಕುಡಿಯುತ್ತಿದ್ದ ಜಾಗದಲ್ಲೇ ಧೊಪ್ಪೆಂದು ಬಿದ್ದು, ನೀರೆಲ್ಲ ಕೆಸರು ಮಾಡಿಬಿಟ್ಟಳು.

"ಇರಲಿ ಬಿಡವ್ವ, ಈಗ ತಿಳಿಯಾಗುತ್ತೆ," ಅಂದ ಕರಿಯಣ್ಣ. ಮುದುರಿಕೊಂಡಿದ್ದವಳಿಗೆ ಆ ಮಾತು ಕೇಳಿಸಲಿಲ್ಲ. ಕೇಳಿಸಿದ್ದು ನಗು ಮಾತ್ರ. ಎರಡು ಗುಟುಕು ಕೆಸರು ನೀರು ಕುಡಿದು, ಯಾರ ಮುಖವನ್ನೂ ನೋಡದೆ ಅಲ್ಲಿಂದ ಓಟ ಕಿತ್ತಳು.

ಮಾರನೆಯ ದಿನವೆಲ್ಲ ಅದೇ ಯೋಚನೆ. ಗೆದ್ದಲು ತಿನ್ನುತ್ತಿದ್ದರೂ ಅದೇ ನಗು, ಮರಿಯ ಮೈ ನೆಕ್ಕುತ್ತಿದ್ದರೂ ಅದೇ ನಗು. ಇನ್ನೊಮ್ಮೆ ಆ ಮರದ ಹತ್ತಿರ ನಿಂತು ಕೂಗುವುದು ಸಾಯುವವರೆಗೂ ಸಾಧ್ಯವಿಲ್ಲ ಅನ್ನಿಸಿತು. ಆದರೆ ನೀರು ಬೇಕಲ್ಲ! ಕೊನೆಗೆ ಒಂದು ಉಪಾಯ ಮಾಡಿದಳು. ಹುಣಸೆ ಮರವನ್ನು ಸುತ್ತಿ ಬಳಸಿ, ಜೊಂಡಿನೊಳಗೆ ನುಸುಳಿಕೊಂಡು ಹೋದರೆ ಯಾರಿಗೂ ಕಾಣಿಸುವುದಿಲ್ಲ. ಮೂಲೆಯಲ್ಲಿ ಎರಡು ಗುಟುಕು ಕುಡಿದು ಬಂದರಾಯಿತು. ಯಾರಿಗೇನು ತೊಂದರೆ?

ಸಂಜೆ ಹಾಗೇ ಮಾಡಿದಳು. ಜೊಂಡು ಸರಸರ ಅಂದಿತು.

ಮರುಕ್ಷಣ ಹೊಂಡದಲ್ಲಿ ಗದ್ದಲವೋ ಗದ್ದಲ. ಗೊರಸಿನ ಸದ್ದು, ರೆಕ್ಕೆಯ ಸದ್ದು, ಯಾರೋ ಬಿದ್ದ ಸದ್ದು, ಯಾರೋ ಅತ್ತ ಸದ್ದು. ದುಂಡವ್ವ ಮೂತಿ ಹೊರಗಿಟ್ಟು ನೋಡಿದಾಗ ಹೊಂಡದ ಬಳಿ ಒಂದು ಪ್ರಾಣಿಯೂ ಇರಲಿಲ್ಲ.

ಅವಳಿಗೆ ಏನನ್ನಿಸಿರಬೇಕು ಹೇಳಿ? "ನಾನು ಬಂದದ್ದು ಗೊತ್ತಾಗಿ ಎದ್ದು ಹೋದರು. ನನ್ನ ಜೊತೆ ನೀರು ಕುಡಿಯುವುದೂ ಅವರಿಗೆ ಬೇಡ," ಅಂತ ಅಂದುಕೊಂಡಳು. ಕಣ್ಣಲ್ಲಿ ನೀರು ಬಂತು. ಆದರೂ ಮರಿಗಾಗಿ ಹೊಟ್ಟೆ ತುಂಬ ಕುಡಿದಳು. ಮೂರನೆಯ ಸಂಜೆಯೂ ಹೀಗೇ ಆಯಿತು. ನಾಲ್ಕನೆಯ ಸಂಜೆಯೂ ಹೀಗೇ. ಜೊಂಡು ಅಲುಗುವುದೇ ತಡ, ಎಲ್ಲರೂ ಮಂಗಮಾಯ. ಪ್ರತಿ ಸಲವೂ ಅವಳ ಮನಸ್ಸು ಇನ್ನಷ್ಟು ಕುಗ್ಗಿತು.

ಐದನೆಯ ದಿನ ಬೆಳಗ್ಗೆ ಅವಳು ಹುತ್ತ ಕೆದಕುತ್ತಿದ್ದಾಗ ಜಾಜಕ್ಕ ಏದುಸಿರು ಬಿಡುತ್ತ ಬಂದಳು. ಅವಳ ಕೊಕ್ಕು ಒಣಗಿ ಬಿಳಿಚಿಕೊಂಡಿತ್ತು.

"ಹುಷಾರು ಕಣವ್ವ! ಜೊಂಡಿನಲ್ಲಿ ಚಿರತೆ ಬಂದು ಕೂರ್ತಾ ಇದೆ. ಮೂರು ಸಂಜೆಯಾಯ್ತು, ಒಬ್ಬರೂ ನೆಟ್ಟಗೆ ನೀರು ಕುಡಿದಿಲ್ಲ. ಸರಸರ ಅನ್ನುತ್ತೆ, ಓಡ್ತೀವಿ. ಹೊನ್ನವ್ವನ ಮರಿ ಓಡೋ ಗಾಬರೀಲಿ ಕಲ್ಲಿನ ಸಂದಿಗೆ ಕಾಲು ಕೊಟ್ಟು ಕುಂಟ್ತಾ ಇದೆ. ಪಾಪ, ನೆಲಕ್ಕೆ ಕಾಲೂರೋಕೆ ಆಗ್ತಿಲ್ಲ."

ದುಂಡವ್ವನ ಕೈ ಹುತ್ತದಲ್ಲೇ ನಿಂತಿತು. ಮೊದಲು ಬಂದದ್ದು ಸಂತೋಷ: ಅಂದರೆ, ಅವರು ನನ್ನ ಮೇಲಿನ ಬೇಸರದಿಂದ ಎದ್ದುಹೋದದ್ದಲ್ಲ! ಅದರ ಹಿಂದೆಯೇ ಬಂದದ್ದು ಸಂಕಟ. ಮೂರು ಸಂಜೆಯಿಂದ ಇವರೆಲ್ಲ ಬಾಯಾರಿ ಬಿದ್ದಿರುವುದು ನನ್ನಿಂದ. ಆ ಮರಿಯ ಕಾಲು ನೊಂದದ್ದು ನನ್ನಿಂದ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಸುಮ್ಮನಿದ್ದರೆ ಇವತ್ತೂ ಅವರಿಗೆ ನೀರಿಲ್ಲ.

"ಜಾಜಕ್ಕಾ," ಅಂದಳು ನೆಲ ನೋಡುತ್ತ. "ಅದು ಚಿರತೆ ಅಲ್ಲ. ಅದು... ನಾನು."

"ಏನಂದೆ?"

"ಕೂಗೋಕೆ ಆಗಲಿಲ್ಲ. ನಾಚಿಕೆಯಾಯ್ತು. ಅದಕ್ಕೇ ಜೊಂಡಿನಿಂದ ಬಂದೆ." ಅಷ್ಟು ಹೇಳಿದವಳೇ ಮತ್ತೆ ಚೆಂಡಾದಳು.

ಜಾಜಕ್ಕ ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವಳಲ್ಲ. ಮಧ್ಯಾಹ್ನದೊಳಗೆ ಸುದ್ದಿ ಕಾಡಿಗೆಲ್ಲ ಗೊತ್ತಾಗಿ, ಹುಣಸೆ ಮರದಡಿ ಎಲ್ಲರೂ ಸೇರಿದರು. ದುಂಡವ್ವ ಒಂದು ಹುತ್ತದ ಹಿಂದೆ ಅಡಗಿ ಕೂತು ಕೇಳಿಸಿಕೊಂಡಳು. ನೀರಿಗೆ ಬರಬೇಡ ಅಂದುಬಿಟ್ಟರೆ ಮರಿಯನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು?

"ಒಂದು ಸಲ ಕೂಗೋಕೆ ಏನು ದಾಡಿ ಅವಳಿಗೆ? ಕರೀರಿ ಇಲ್ಲಿ, ನಾನು ಕೇಳ್ತೀನಿ," ಅಂತ ಕರಿಯಣ್ಣ ಗುಟುರು ಹಾಕಿದ.

"ಬೇಡ ಕಣಣ್ಣ," ಅಂದಳು ಜಾಜಕ್ಕ. "ಬಾಣಂತಿ. ಮೊದಲೇ ನಾಚಿಕೆ ಸ್ವಭಾವ. ಅವತ್ತು ನಾವೆಲ್ಲ ನಕ್ಕುಬಿಟ್ಟೆವು, ಅದೇ ತಪ್ಪಾಯ್ತು."

ಎಲ್ಲರೂ ಹೊನ್ನವ್ವನ ಕಡೆ ನೋಡಿದರು. ಕಾಲು ನೋಯಿಸಿಕೊಂಡದ್ದು ಅವಳ ಮರಿಯಲ್ಲವೇ? ಹೊನ್ನವ್ವನಿಗೆ ಒಳಗೊಳಗೇ ಸಿಟ್ಟು ಕುದಿಯುತ್ತಿತ್ತು. ಆದರೆ ನಾಲ್ಕು ಜನರ ಎದುರಿಗೆ ಬಾಣಂತಿಯ ಮೇಲೆ ರೇಗಿದರೆ ಏನಂದುಕೊಂಡಾರು? "ಹೋಗಲಿ ಬಿಡಿ, ಪಾಪ," ಅಂದಳು.

"ಹಾಗಾದರೆ ಹೀಗೆ ಮಾಡೋಣ," ಅಂದಳು ಜಾಜಕ್ಕ. "ದುಂಡವ್ವ ಕೂಗೋದು ಬೇಡ. ಜೊಂಡು ಸರಸರ ಅಂದರೆ ಅವಳೇ ಅಂತ ತಿಳಿದುಕೊಳ್ಳೋಣ. ಯಾರೂ ತಲೆ ಎತ್ತಿ ಅವಳ ಕಡೆ ನೋಡಬೇಡಿ. ನಾಚ್ಕೊಳ್ತಾಳೆ."

ಹುಣಸೆಯ ಕೊಂಬೆಯ ಮೇಲೆ ಮುಸುವಜ್ಜ ಕೂತಿದ್ದ. ಕಪ್ಪು ಮುಖದ ಮುದಿ ಮಂಗ, ಕಾಡಿನ ಹಿರಿಯ. "ಸದ್ದು ಮಾಡಿದ್ದು ಅವಳೇ ಅಂತ ಹೇಗೆ ಹೇಳ್ತೀರಿ?" ಅಂತ ಕೇಳಿದ.

"ಅಯ್ಯೋ ಅಜ್ಜ, ಅವಳನ್ನು ಬಿಟ್ಟು ಆ ಕೆಸರಲ್ಲಿ ಇನ್ಯಾರು ಬರ್ತಾರೆ?"

ಅಜ್ಜನಿಗೆ ಇನ್ನೂ ಏನೋ ಹೇಳಬೇಕಿತ್ತು. ಬಡಪಾಯಿಯ ಪಾಲಿಗೆ ಕಟುಕನಾದ ಅನ್ನಿಸಿಕೊಳ್ಳುವುದು ಯಾಕೆ ಅಂತ ಬಾಲ ಕೆರೆದುಕೊಂಡು ಸುಮ್ಮನಾದ. ಕರಿಯಣ್ಣನೂ ಸಿಟ್ಟು ನುಂಗಿಕೊಂಡ. ನೋಡಿದಿರಾ ಮಕ್ಕಳೇ? ಸಂಕೋಚ ದುಂಡವ್ವನೊಬ್ಬಳಿಗೇ ಇದ್ದದ್ದಲ್ಲ. ಅವಳದು ಚಿಪ್ಪಿನ ಹೊರಗೆ ಕಾಣುತ್ತಿತ್ತು, ಅಷ್ಟೆ.

ಅಂದಿನಿಂದ ದುಂಡವ್ವ ಜೊಂಡಿನ ದಾರಿಯಲ್ಲೇ ಬಂದಳು. ಯಾರೂ ಓಡಲಿಲ್ಲ. ಸರಸರ ಅಂದಕೂಡಲೇ ಎಲ್ಲರೂ ತಲೆ ತಗ್ಗಿಸಿ ನೀರನ್ನೇ ನೋಡುತ್ತ ನಿಲ್ಲುತ್ತಿದ್ದರು. ಅವಳು ಮೂಲೆಯಲ್ಲಿ ಕುಡಿದು ಹೊರಟುಹೋಗುತ್ತಿದ್ದಳು. ನೀರು ಸಿಕ್ಕಿತು, ಹಾಲು ಬಂತು, ಮರಿ ದಪ್ಪವಾಯಿತು. ಆದರೆ ನೆಮ್ಮದಿ ಬರಲಿಲ್ಲ. "ಒಬ್ಬರಾದರೂ ನನ್ನ ಮುಖ ನೋಡುವುದಿಲ್ಲವಲ್ಲ. ಇಷ್ಟೊಂದು ಕೋಪವೇ?" ಅಂತ ದಿನಾ ಕೊರಗುತ್ತಿದ್ದಳು. ಹುತ್ತದ ಹಿಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡವಳೇ ಅವಳು. ಆದರೂ ತಗ್ಗಿದ ತಲೆಗಳನ್ನು ಕಂಡಾಗ ಆ ಮಾತು ಅವಳ ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ. ಯಾರನ್ನಾದರೂ ಕೇಳಿದ್ದರೆ ಹೇಳುತ್ತಿದ್ದರು. ಕೇಳುವವಳು ಅವಳಲ್ಲ.

ಹೀಗೆ ಹತ್ತು ದಿನ ಕಳೆಯಿತು. ಎದುರು ಗುಡ್ಡದ ಬಂಡೆಯ ಮೇಲೆ ಮಲಗಿ ಒಬ್ಬ ಇದನ್ನೆಲ್ಲ ನೋಡುತ್ತಿದ್ದ. ಜೊಂಡು ಅಲುಗುತ್ತದೆ, ಯಾರೂ ಓಡುವುದಿಲ್ಲ. ಜೊಂಡು ಅಲುಗುತ್ತದೆ, ತಲೆ ಕೂಡ ಎತ್ತುವುದಿಲ್ಲ. ಚಿರತೆ ಬಾಲವನ್ನು ಮೆಲ್ಲಗೆ ಬಂಡೆಗೆ ಬಡಿಯಿತು.

ಹನ್ನೊಂದನೆಯ ಸಂಜೆ ದುಂಡವ್ವನಿಗೆ ತಡವಾಯಿತು. ಮರಿ ದಪ್ಪವಾಗಿತ್ತಲ್ಲ, ಬಾಲದಿಂದ ಜಾರಿ ಜಾರಿ ಬೀಳುತ್ತಿತ್ತು. ಎತ್ತಿ ಕೂರಿಸಿಕೊಂಡು, ಹುಣಸೆ ಮರದ ಹತ್ತಿರ ಬಂದು, ಜೊಂಡಿನ ಕಡೆ ತಿರುಗಬೇಕು ಅನ್ನುವಾಗ ಗಕ್ಕನೆ ನಿಂತಳು.

ದಿನಾ ಹೋಗಿ ಬಂದು ಜೊಂಡಿನಲ್ಲಿ ಅವಳದೇ ಒಂದು ಸಂದು ಬಿದ್ದಿತ್ತು. ಆ ಸಂದಿನೊಳಗೆ ಕಪ್ಪು ಚುಕ್ಕೆಯ ಉದ್ದ ಬಾಲವೊಂದು ನುಸುಳಿ ಮರೆಯಾಗುತ್ತಿತ್ತು.

ಜೊಂಡು ಸರಸರ ಅಂದಿತು. ಕೆಳಗೆ ಜಾಜಕ್ಕನ ಪಿಸುಮಾತು ಕೇಳಿಸಿತು. "ದುಂಡವ್ವ ಬಂದಳು. ತಲೆ ತಗ್ಗಿಸಿ, ತಲೆ ತಗ್ಗಿಸಿ."

ಎಲ್ಲರೂ ತಲೆ ತಗ್ಗಿಸಿದರು. ಎಲ್ಲರಿಗಿಂತ ಜೊಂಡಿಗೆ ಹತ್ತಿರ ಇದ್ದದ್ದು ಹೊನ್ನವ್ವನ ಕುಂಟು ಮರಿ. ದೂರ ನಡೆಯಲಾರದೆ ಅಲ್ಲೇ ದಡದಲ್ಲಿ ಮಂಡಿಯೂರಿ ನೀರು ಕುಡಿಯುತ್ತಿತ್ತು.

ದುಂಡವ್ವ ಬಾಯಿ ತೆರೆದಳು. ದನಿ ಬರಲಿಲ್ಲ. ಏನಂತ ಕೂಗುವುದು? ಚಿರತೆ ಅಂದರೆ ನಂಬುತ್ತಾರೆಯೇ? ಮೂರು ಸಂಜೆ ನಾನೇ ಚಿರತೆಯಾಗಿದ್ದವಳು. ಮತ್ತೆ ಮಾತು ತಪ್ಪಿದರೆ? ಮತ್ತೆ ನಕ್ಕರೆ? ಕೂಗಿದರೆ ಚಿರತೆ ನನ್ನ ಕಡೆಗೇ ತಿರುಗುತ್ತದೆ, ಮರಿ ಬಾಲದ ಮೇಲಿದೆ. ಇಷ್ಟೆಲ್ಲ ಅವಳ ತಲೆಯಲ್ಲಿ ಸುತ್ತುವಷ್ಟರಲ್ಲಿ ಜೊಂಡಿನ ಅಲುಗಾಟ ದಡದವರೆಗೆ ಬಂದುಬಿಟ್ಟಿತ್ತು. ಇನ್ನು ನಾಲ್ಕು ಹೆಜ್ಜೆ. ಜಿಂಕೆಮರಿ ತಲೆ ಎತ್ತಲಿಲ್ಲ. ನೋಡಿದರೆ ದುಂಡವ್ವ ನಾಚಿಕೊಳ್ಳುತ್ತಾಳೆ ಅಂತ ಅಮ್ಮ ಹೇಳಿಕೊಟ್ಟಿದ್ದಳು.

"ನಾನು ಇಲ್ಲಿದೀನಿ!"

ದನಿ ಒಡೆದು ಚೂರಾಗಿತ್ತು. ಆದರೆ ಬಂದಿತ್ತು.

"ದುಂಡವ್ವ ಇಲ್ಲಿದೀನಿ! ಮರದ ಹತ್ರ ಇದೀನಿ! ಜೊಂಡಿನಲ್ಲಿರೋದು ನಾನಲ್ಲ!"

ಎಲ್ಲರೂ ತಲೆ ಎತ್ತಿ ಮರದ ಕಡೆ ನೋಡಿದರು. ಆಮೇಲೆ ಕರಿಯಣ್ಣನಿಗೆ ಹೊಳೆಯಿತು. "ಓಡಿ!" ಅಂತ ಅರಚಿದ. ಹೊನ್ನವ್ವ ಒಂದೇ ನೆಗೆತಕ್ಕೆ ಬಂದು ಮರಿಯನ್ನು ತಲೆಯಿಂದ ಗುದ್ದಿ ಆಚೆಗೆ ಉರುಳಿಸಿದಳು. ಅದೇ ಹೊತ್ತಿಗೆ ಚಿರತೆ ಹಾರಿತು. ಮರಿ ಇದ್ದ ಜಾಗದಲ್ಲಿ ಕೆಸರು ಮಾತ್ರ ಇತ್ತು. ಮುಂಗಾಲು ಎರಡೂ ಹೂತುಹೋಗಿ, ಅದು ಕಾಲು ಕಿತ್ತುಕೊಳ್ಳುವಷ್ಟರಲ್ಲಿ ಹೊಂಡ ಖಾಲಿಯಾಗಿತ್ತು.

ಹೊಟ್ಟೆಗೂ ಸಿಗದೆ, ಮೈಯೆಲ್ಲ ಕೆಸರಾಗಿ, ಚಿರತೆ ಕೂಗಿದವಳನ್ನು ಹುಡುಕಿಕೊಂಡು ಇಳಿಜಾರು ಹತ್ತಿತು. ದುಂಡವ್ವ ಮರಿಯನ್ನು ಒಳಗಿಟ್ಟುಕೊಂಡು ಮುದುರಿದಳು. ಉಗುರು ಚಿಪ್ಪಿನ ಮೇಲೆ ಕರಕರ ಉಜ್ಜಿತು. ಹಲ್ಲು ಊರಿತು, ಜಾರಿತು. ಪಂಜ ಅವಳನ್ನು ಅತ್ತ ಇತ್ತ ಹೊರಳಿಸಿ ನೋಡಿತು. ಒಳಗೆ ಮರಿಯ ಪುಟ್ಟ ಎದೆ ಅವಳ ಎದೆಗೆ ಒತ್ತಿಕೊಂಡು ಹೊಡೆದುಕೊಳ್ಳುತ್ತಿತ್ತು. ಅದೆಷ್ಟು ಹೊತ್ತಾಯಿತೋ ಅವಳಿಗೆ ತಿಳಿಯಲಿಲ್ಲ. ಕೊನೆಗೆ ಮರದ ಮೇಲಿಂದ ಮುಸುವಜ್ಜನ ದನಿ ಬಂತು. "ಹೋಯ್ತು. ಗುಡ್ಡ ಹತ್ತಿ ಆಚೆಗೆ ಇಳೀತು. ಏಳವ್ವ."

ದುಂಡವ್ವ ಮೆಲ್ಲಗೆ ಬಿಚ್ಚಿಕೊಂಡಳು. ಸುತ್ತ ಎಲ್ಲರೂ ನಿಂತಿದ್ದರು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಏನು ಹುಡುಗಾಟವೇನೇ ಇದು?" ಕರಿಯಣ್ಣ ಶುರುಮಾಡಿದ. "ಇಷ್ಟು ದೊಡ್ಡ ಗಂಟಲು ಇಟ್ಟುಕೊಂಡು ಇಷ್ಟು ದಿನ ಕಳ್ಳಿಯ ಹಾಗೆ ಬಂದು ಹೋದೆಯಲ್ಲ! ಚಿರತೆಗೆ ದಾರಿ ಮಾಡಿಕೊಟ್ಟೆಯಲ್ಲ!"

"ಮೆಲ್ಲಗೆ ಕಣಣ್ಣ," ಅಂದಳು ಜಾಜಕ್ಕ. "ನಾಚ್ಕೊಳ್ತಾಳೆ."

"ನಾಚ್ಕೊಳ್ಳಲಿ! ನಾಚ್ಕೊಂಡೇ ಕೂಗಲಿ! ಗಂಟಲು ಒಡೀಲಿ, ಮಾತು ತಪ್ಪಲಿ, ನಾವೇನು ಇಲ್ಲಿ ಹಾಡು ಕೇಳೋಕೆ ಕೂತಿದೀವಾ? ಇವಳು ಎಲ್ಲಿದಾಳೆ ಅಂತ ಗೊತ್ತಾದರೆ ಸಾಕು ನಮಗೆ. ನೀನೂ ಅಷ್ಟೇ ಜಾಜಕ್ಕ, ನಾನೂ ಅಷ್ಟೇ. ಅವತ್ತೇ ಎದುರಿಗೆ ನಿಲ್ಲಿಸಿ ಎರಡು ಮಾತು ಬೈದಿದ್ದರೆ ಇವತ್ತು ಈ ಗತಿ ಬರ್ತಿರಲಿಲ್ಲ. ದೊಡ್ಡ ಮನಸ್ಸು ತೋರಿಸೋಕೆ ಹೋಗಿ ಒಂದು ಜೀವ ಕಳೀತಿದ್ವಿ!"

ಮುಸುವಜ್ಜ ಕೊಂಬೆಯ ಮೇಲೆ ತಲೆ ತಗ್ಗಿಸಿದ.

ಹೊನ್ನವ್ವ ಮುಂದೆ ಬಂದಳು. "ಒಂದು ಮಾತು ಹೇಳ್ತೀನಿ ಕಣೆ. ಮರಿ ಕಾಲಿನ ವಿಷಯಕ್ಕೆ ನಿನ್ನ ಮೇಲೆ ನನಗೆ ತುಂಬ ಸಿಟ್ಟಿತ್ತು. ಈಗಲೂ ಪೂರ್ತಿ ಹೋಗಿಲ್ಲ."

"ತಪ್ಪಾಯ್ತಕ್ಕ," ಅಂದಳು ದುಂಡವ್ವ. ಎಷ್ಟೋ ದಿನದಿಂದ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಮಾತು ಅದು. "ನನ್ನ ನಾಚಿಕೆ ನನ್ನೊಬ್ಬಳ ಕಷ್ಟ ಅಂದುಕೊಂಡಿದ್ದೆ."

ಕರಿಯಣ್ಣ ಇನ್ನೂ ಬೈಯುತ್ತಲೇ ಇದ್ದ. ವಿಚಿತ್ರವೆಂದರೆ, ಬೈಸಿಕೊಳ್ಳುತ್ತ ಹೋದ ಹಾಗೆ ದುಂಡವ್ವನ ಎದೆ ಹಗುರವಾಗುತ್ತ ಬಂತು. ತಗ್ಗಿದ ತಲೆಗಳ ನಡುವೆ ನೀರು ಕುಡಿದ ಹತ್ತು ದಿನ ಅವಳು ಆ ಹೊಂಡಕ್ಕೆ ನೆಂಟಳಾಗಿಯೇ ಉಳಿದಿದ್ದಳು. ಈ ಹಂದಿಯಣ್ಣನೋ, ತನ್ನ ತಂಗಿಯನ್ನು ಬೈಯುವ ಹಾಗೆ ಬೈಯುತ್ತಿದ್ದಾನೆ. ನೆಂಟರನ್ನು ಯಾರಾದರೂ ಹೀಗೆ ಬೈಯುತ್ತಾರೆಯೇ?

ನಾಳೆ ಸಂಜೆ ಮತ್ತೆ ಆ ಮರದ ಹತ್ತಿರ ನಿಂತು ಕೂಗಬೇಕಲ್ಲ ಅನ್ನುವುದು ಅವಳಿಗೆ ನೆನಪಾಯಿತು. ಹೆದರಿಕೆ ಒಂದೇ ದಿನಕ್ಕೆ ಹೋಗುವ ಪೈಕಿಯಲ್ಲ.

"ಅಣ್ಣಾ," ಅಂತ ಕೇಳಿದಳು. "ನಾಳೆ ಎಷ್ಟು ಜೋರಾಗಿ ಕೂಗಬೇಕು?"

ಕರಿಯಣ್ಣ ಬೈಯುವುದನ್ನು ನಿಲ್ಲಿಸಿದ.

"ನಮಗೆ ಕೇಳಿಸೋ ಅಷ್ಟು," ಅಂದ.

ನೀತಿ: ಕೂಡಿ ಬಾಳುವ ಕಡೆ ಒಬ್ಬರ ಮೌನ ಎಲ್ಲರಿಗೂ ಅಪಾಯ ತರಬಹುದು; ತಡವರಿಸಿದರೂ ಸರಿ, ಬಾಯಿ ಬಿಟ್ಟು ಹೇಳಬೇಕು, ದಾಕ್ಷಿಣ್ಯ ಬಿಟ್ಟು ತಿದ್ದಬೇಕು.